ಅಚ್ಚಾದ ಕಾಗದಕ್ಕೆ ರುಜು

ಪ್ರಾವಿಡೆನ್ಸ್, ರೋಡ್ ಐಲೆಂಡ್
ಮಾರ್ಚ್ 8, 1948

ಪ್ರೀತಿಯ ತಮ್ಮ ಎವಾರಿಸ್ತೊ,

ನಿನ್ನೆ ಬೆಳಗಿನ ಪೂಜೆ ಮುಗಿದ ಮೇಲೆ ನಮ್ಮ ಚರ್ಚಿನಲ್ಲಿ ಎರಡು ಸಾವಿರ ಕಾಗದಗಳನ್ನು ಹಂಚಿದರು. ಲೆಕ್ಕ ಹೇಳಿದವರು ಫಾದರ್ ಬೆಲ್ಲುಚ್ಚಿ. ಕಾಗದ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಗಿದೆ. ಮೇಲೆ ನೆಂಟರ ಹೆಸರಿಗೆ ಜಾಗ, ಕೆಳಗೆ ನಮ್ಮ ರುಜುವಿಗೆ ಜಾಗ. ಬರುವ ತಿಂಗಳ ಹದಿನೆಂಟಕ್ಕೆ ನಿಮ್ಮಲ್ಲಿ ಚುನಾವಣೆಯಲ್ಲವೆ, ಅದರೊಳಗೆ ಊರಿನ ಪ್ರತಿ ಮನೆಗೂ ಒಂದೊಂದು ತಲುಪಬೇಕಂತೆ. ವಿಮಾನದ ಅಂಚೆ. ಅಂಚೆಚೀಟಿಯ ಖರ್ಚು ಚರ್ಚಿನದೇ.

ಕೆಂಪು ಪಕ್ಷಕ್ಕೆ ಮತ ಹಾಕಿದವರಿಗೆ ಅಮೆರಿಕದಿಂದ ಇನ್ನು ಹಣವಿಲ್ಲ, ಬಟ್ಟೆಗಂಟಿಲ್ಲ, ಈ ದೇಶದೊಳಗೆ ಕಾಲಿಡುವುದಕ್ಕೂ ಇಲ್ಲ ಎಂದು ಅದರಲ್ಲಿದೆ. ನಾನು ಒಂಬತ್ತಕ್ಕೆ ರುಜು ಹಾಕಿದೆ. ಒಂದು ನಿನಗೂ ಬರುತ್ತದೆ. ಭಾಷೆ ಬಿರುಸಾಗಿದೆ ಅನ್ನಿಸಿದರೆ ಅದು ನನ್ನ ಭಾಷೆಯಲ್ಲ ಎಂದು ನಿನಗೇ ಗೊತ್ತಾಗುತ್ತದೆ. ಪಕ್ಕದ ಬೆಂಚಿನ ಎರ್ಸಿಲಿಯಾ ತನ್ನ ಅತ್ತಿಗೆಯ ಹೆಸರಿಗೆ ಎರಡು ತೆಗೆದುಕೊಂಡಳು. "ಮೊದಲನೇದನ್ನ ಅವಳು ಓದದೆ ಒಲೆಗೆ ಹಾಕ್ತಾಳೆ. ನಂಗೊತ್ತು ಅವಳ ಬುದ್ಧಿ" ಎಂದಳು.

ನೀನು ಊರಿನಲ್ಲಿ ಆ ಪಕ್ಷದ ಶಾಖೆಯ ಕಾರ್ಯದರ್ಶಿ ಎಂಬುದನ್ನು ಇಲ್ಲಿ ಯಾರಿಗೂ ಹೇಳಿಲ್ಲ. ಗಾರೆ ಕೆಲಸ ಮಾಡುತ್ತಾನೆ ಎಂದಷ್ಟೇ ಹೇಳಿದ್ದೇನೆ. ನನಗೆ ಬೇಕಾದದ್ದು ಒಂದೇ. ನಿನ್ನ ಮಗಳು ಲಿಬೆರಾ ಈ ವರ್ಷ ಮುಗಿಯುವುದರೊಳಗೆ ಇಲ್ಲಿಗೆ ಬಂದು, ಯುದ್ಧಕಾಲದಲ್ಲಿ ನಿಮ್ಮಲ್ಲಿದ್ದ ರಾಲ್ಫನನ್ನು ಮದುವೆಯಾಗಬೇಕು. ಸೈನಿಕರು ಯುದ್ಧಕಾಲದಲ್ಲಿ ಮಾತು ಕೊಟ್ಟು ಬಂದ ಹುಡುಗಿಯರಿಗೆ ಕೊಡುವ ವಿಶೇಷ ಪರವಾನಗಿ ಡಿಸೆಂಬರಿಗೆ ನಿಂತುಹೋಗುತ್ತದೆ. ಆಮೇಲೆ ಸಾಲಿನಲ್ಲಿ ನಿಂತರೆ ಎಷ್ಟು ವರ್ಷವೋ. ಆದ್ದರಿಂದ ಹದಿನೆಂಟರವರೆಗೆ ನೀನು ಗಾರೆ ಕಲಸಿಕೊಂಡು ಬಾಯಿ ಮುಚ್ಚಿಕೊಂಡಿರು. ಎಂಟು ವರ್ಷದವನಿದ್ದಾಗಿಂದ ನಿನಗೆ ಇದನ್ನೇ ಹೇಳುತ್ತಿದ್ದೇನೆ.

ನಿನ್ನ ಅಕ್ಕ
ಚೆಲೆಸ್ತಿನಾ


ಮೊಂತೆಫೊಸ್ಕೊ
ಮಾರ್ಚ್ 24, 1948

ಅಕ್ಕಾ,

ಅಚ್ಚಿನ ಕಾಗದ ಮೊದಲು ಬಂತು, ನಿನ್ನ ಕಾಗದ ನಾಲ್ಕು ದಿನ ತಡವಾಗಿ ಬಂತು. ಚರ್ಚಿನ ಅಂಚೆಚೀಟಿಗೆ ನಿನ್ನದಕ್ಕಿಂತ ಶಕ್ತಿ ಜಾಸ್ತಿ.

ಅಮೆರಿಕದ ಕಾಗದವನ್ನು ನಮ್ಮಲ್ಲಿ ಈಗಲೂ ಕಾರಂಜಿಯ ಕಟ್ಟೆಯ ಮೇಲೆಯೇ ಓದುತ್ತಾರೆ, ನೀನಿದ್ದಾಗಿನಂತೆಯೇ. ಅಂಚೆಯ ತೊಮ್ಮಾಸೊ ಒಂದೇ ದಿನ ಚೀಲ ತುಂಬ ತಂದ. ಮೊದಲನೆಯದನ್ನು ಗಂಟಲು ಸರಿಮಾಡಿಕೊಂಡು ಓದಿದ. ಎರಡನೆಯದು ಅದೇ. ಮೂರನೆಯದಕ್ಕೆ ಹೆಂಗಸರೆಲ್ಲ ಜಪಮಾಲೆಯ ಪ್ರಾರ್ಥನೆಯಂತೆ ಒಟ್ಟಿಗೆ ಹೇಳತೊಡಗಿದರು. "ಸಾಕು ನಿಲ್ಸು ಮಾರಾಯ, ಯಾರ ಮನೇಲಿ ಕೂಸು ಹುಟ್ಟಿದೆ, ಯಾರು ಸತ್ರು, ಅದಿದ್ರೆ ಓದು" ಎಂದು ಯಾರೋ ಕೂಗಿದರು. ಅದು ಒಂದರಲ್ಲೂ ಇರಲಿಲ್ಲ.

ನಗದೆ ಇದ್ದವಳು ಮುದುಕಿ ಮಕ್ರೀನಾ ಒಬ್ಬಳೇ. ಅವಳ ಮಗ ಪಿಟ್ಸ್‌ಬರ್ಗಿಗೆ ಹೋದವನು ಯುದ್ಧಕ್ಕೂ ಮೊದಲಿನಿಂದ ಒಂದಕ್ಷರ ಬರೆದಿರಲಿಲ್ಲ. ಅವನಿಂದಲೂ ಒಂದು ಬಂದಿದೆ. ಅಚ್ಚಾದದ್ದೆಲ್ಲ ಅವಳಿಗೆ ಬೇಕಿಲ್ಲ, ಕೆಳಗಿನ ರುಜುವಿನ ಮೇಲೆ ಬೆರಳಾಡಿಸಿಕೊಂಡು ಕೂತಿದ್ದಳು. "ನನ್ನ ಮಗ ಕೊನೆಗೂ ನೆನಪು ಮಾಡ್ಕೊಂಡ, ನೋಡು ಎವಾರಿಸ್ತೊ" ಎಂದಳು. ನಾನು "ಹೌದಮ್ಮ" ಎಂದೆ.

ಅವಳನ್ನು ನೋಡಿ ಬಂದ ಕೋಪದಲ್ಲೇ ಸಂಜೆ ಶಾಖೆಯಲ್ಲಿ ಒಂದು ತೀರ್ಮಾನ ಮಾಡಿದೆವು. ಅಚ್ಚಿನ ಕಾಗದಕ್ಕೆ ಅಚ್ಚಿನ ಉತ್ತರ. ಪಟ್ಟಣದಲ್ಲಿ ಮುನ್ನೂರು ಪ್ರತಿ ಮಾಡಿಸಿದೆವು. "ನಿಮ್ಮ ಪತ್ರ ತಲುಪಿತು. ನಾವು ಕ್ಷೇಮ. ಕಳೆದ ಸಲ ಕಳಿಸಿದ ಬೂಟುಗಳಿಗೆ ಕೃತಜ್ಞತೆ. ಮತವನ್ನು ನಮ್ಮ ಇಷ್ಟದಂತೆ ದುಡಿಯುವವರ ಪಕ್ಷಕ್ಕೆ ಹಾಕುತ್ತೇವೆ." ಅಷ್ಟೇ. ಮೇಲೆ ಹೆಸರಿಗೆ ಜಾಗ, ಕೆಳಗೆ ರುಜುವಿಗೆ ಜಾಗ. ಅರ್ಧ ಊರು ರುಜು ಹಾಕಿದೆ, ನಮ್ಮ ಪಕ್ಷದವರಲ್ಲದವರೂ. ಲಿಬೆರಾ ಮಡಿಸಿ ಲಕೋಟೆಗೆ ಹಾಕುವ ಕೆಲಸಕ್ಕೆ ಕೂತವಳು ತಾನೂ ಒಂದು ತೆಗೆದುಕೊಂಡಳು. "ರಾಲ್ಫನಿಗೂ ಒಂದು ಹಾಕ್ತೀನಪ್ಪಾ. ಬೀದಿಯವರಿಗೆಲ್ಲ ಬಂದು ತನಗೆ ಬರ್ಲಿಲ್ಲ ಅಂದ್ರೆ ಮುನಿಸ್ಕೋತಾನೆ" ಎಂದು ನಗುತ್ತ ರುಜು ಹಾಕಿದಳು. ಅವಳು ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು, ನನ್ನವಳು ಹೋದಮೇಲೆ ಮನೆಯಲ್ಲಿ ನಗು ಅಪರೂಪ.

ಬಾಯಿ ಮುಚ್ಚಿಕೊಂಡೇ ಇದ್ದೇನೆ. ಇದು ಬರೀ ಕಾಗದ.

ನಿನ್ನ ತಮ್ಮ
ಎವಾರಿಸ್ತೊ


ಪ್ರಾವಿಡೆನ್ಸ್
ಏಪ್ರಿಲ್ 12, 1948

ತಮ್ಮಾ,

ನಿಮ್ಮ ಉತ್ತರಗಳು ಬಂದಿವೆ. ಆಭರಣ ಕಾರ್ಖಾನೆಯಲ್ಲಿ ನನ್ನ ಮೇಜಿನ ಆರು ಜನ ಹೆಂಗಸರಲ್ಲಿ ನಾಲ್ವರಿಗೆ ಬಂದಿವೆ. ಬ್ರೋಚಿಗೆ ಕಲ್ಲು ಕೂರಿಸುವುದು ಬಿಟ್ಟು ದಿನವಿಡೀ ಅದೇ ಮಾತು. ಎರ್ಸಿಲಿಯಾಳ ಅತ್ತಿಗೆ ಎರಡಕ್ಕೂ ಎರಡು ಉತ್ತರ ಕಳಿಸಿದ್ದಾಳೆ.

ನಿನ್ನೆ ಫಾದರ್ ಬಲಿಪೀಠದಿಂದಲೇ ಹೇಳಿದರು. ಇಂಥ ಉತ್ತರ ಯಾರಿಗೆ ಬಂದಿದ್ದರೂ ತಂದು ಕೊಡಿ, ಬಿಷಪ್ಪರು ನೋಡಬೇಕೆಂದಿದ್ದಾರೆ ಎಂದು. ನಿನ್ನದನ್ನು ನಾನು ಕೊಡಲಿಲ್ಲ. ಆದರೆ ರಾಲ್ಫನ ವಿಷಯ ನಿನಗೆ ಗೊತ್ತಲ್ಲ. ಇಲ್ಲೇ ಹುಟ್ಟಿದ ಹುಡುಗ, ನಮ್ಮ ಭಾಷೆ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಲಿಬೆರಾಳ ಕಾಗದ ಬಂದಾಗಲೆಲ್ಲ ಪಾದ್ರಿಮನೆಗೆ ಹೋಗಿ ಫಾದರ್ ಹತ್ತಿರವೇ ಓದಿಸಿಕೊಳ್ಳುತ್ತಾನೆ. ಇಲ್ಲಿನ ಅರ್ಧ ಹುಡುಗರು ಹಾಗೆಯೇ. ಈ ಸಲದ ಲಕೋಟೆಯನ್ನೂ ಒಡೆಯದೆ ತೆಗೆದುಕೊಂಡು ಹೋದ. ಫಾದರ್ ಅವಳ ಕೈಬರಹದ ಪುಟವನ್ನು ಓದಿ ಹೇಳಿದರು. ಅಚ್ಚಿನ ಹಾಳೆಯನ್ನು ಮಾತ್ರ ಮಡಿಸಿ ತಮ್ಮ ಪುಸ್ತಕದೊಳಗೆ ಇಟ್ಟುಕೊಂಡರಂತೆ. "ಅದೇನೋ ಜಾಹೀರಾತು ಅಂತ ಅಂದ್ಕೊಂಡೆ ಅತ್ತೆ" ಎಂದ ರಾಲ್ಫ್. ಅವನ ಮೇಲೆ ಕೋಪ ಮಾಡಿಕೊಂಡು ಏನು ಪ್ರಯೋಜನ.

ಭಾನುವಾರಗಳಲ್ಲಿ ನಾನು ಪಾದ್ರಿಮನೆಯ ಅಡುಗೆಗೆ ಹೋಗುವುದು ನಿನಗೆ ಗೊತ್ತು. ನಿನ್ನೆ ಊಟಕ್ಕೆ ವಾಷಿಂಗ್ಟನ್ನಿನಿಂದ ಒಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ, ನನ್ನ ಪಲ್ಲೆಹೂವಿನ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡರು. ಫಾದರ್ ಅಂಚೆಯ ಖರ್ಚಿನ ಮಾತೆತ್ತಿದಾಗ "ಅದು ನಿಮ್ಮ ತಲೆನೋವಲ್ಲ ಫಾದರ್. ಬಿಷಪ್ಪರ ಪರಿಹಾರ ನಿಧಿಗೆ ಎಲ್ಲಿಂದಲೋ ಬರುತ್ತೆ, ನೀವು ನಿಧಿಯಿಂದ ತಗೊಳ್ಳಿ" ಎಂದರು. ಹಾಗಾದರೆ ಸರ್ಕಾರವೇ ನೇರ ಕಳಿಸಬಾರದೆ ಎಂದು ಫಾದರ್ ಕೇಳಿದರು. ಅವರು ನಕ್ಕರು. "ನಾವು ಕಳಿಸಿದ್ರೆ ಅದು ರಾಜಕೀಯ. ನೀವು ಕಳಿಸಿದ್ರೆ ಅದು ಅಕ್ಕ ತಮ್ಮನಿಗೆ ಬರೆದ ಕಾಗದ."

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಅಂದ ಹಾಗೆ, ನಿಮ್ಮ ಮುನ್ನೂರು ಪ್ರತಿಗೆ ಯಾರು ಕೊಟ್ಟರು?

ಚೆಲೆಸ್ತಿನಾ


ಮೊಂತೆಫೊಸ್ಕೊ
ಏಪ್ರಿಲ್ 28, 1948

ಅಕ್ಕಾ,

ನಾವು ಸೋತೆವು. ನಮ್ಮೂರಲ್ಲೂ ಸೋತೆವು. ನಿಮ್ಮಲ್ಲಿ ಘಂಟೆ ಬಾರಿಸಿರಬೇಕು.

ಮುನ್ನೂರು ಪ್ರತಿಯ ಹಣ ಮೇಲಿನಿಂದ ಬಂತು. ಮೇಲಿನವರಿಗೆ ಎಲ್ಲಿಂದ ಬಂತೆಂದು ನಾನು ಕೇಳಲಿಲ್ಲ. ನೀನೂ ಕೇಳಿದವಳಲ್ಲ.

ನಮ್ಮ ಪಾದ್ರಿ ದೊನ್ ಆಮೆದೆಯೊಗೆ ಈ ವರ್ಷ ಜೀಪು ಬಂತು, ಧ್ವನಿವರ್ಧಕ ಬಂತು, ಬೆಟ್ಟದ ಮೇಲಿನ ಹಳ್ಳಿಗಳಿಗೆ ಒಯ್ದು ತೋರಿಸಲು ಸಿನಿಮಾ ಯಂತ್ರ ಬಂತು. ಈಗ ಚರ್ಚಿನ ಪಕ್ಕ ಸಭಾಭವನ ಕಟ್ಟಿಸುತ್ತಿದ್ದಾನೆ. ಎಲ್ಲ ನಿಮ್ಮ ಬಿಷಪ್ಪರ ನಿಧಿಯಿಂದಲೇ. ಮೊನ್ನೆ ಮನೆಗೆ ಬಂದ. ಟೋಪಿ ತೆಗೆಯದೆ ಬಾಗಿಲಲ್ಲೇ ನಿಂತು ಕೇಳಿದ:

"ಕಮಾನು ಕಟ್ಟೋಕೆ ಯಾರನ್ನ ಕರೀಲಿ ಎವಾರಿಸ್ತೊ?"

"ನಿಮ್ಮ ಪಕ್ಷದ ಗಾರೆಯವನನ್ನ ಕರೀರಿ."

"ಕರೆದೆ. ಕಟ್ಟಿದ, ಬಿತ್ತು."

"ದೇವರು ನಿಮ್ಮ ಕಡೆ ಇದ್ದಾನಲ್ಲ, ಹಿಡ್ಕೊಳ್ಲಿಲ್ವಾ?"

"ದೇವರು ಗಾರೆ ಕಲಸಲ್ಲ. ಸೋಮವಾರ ಬಾ."

ಹೋಗುತ್ತಿದ್ದೇನೆ. ನನ್ನನ್ನು ಸೋಲಿಸಲು ಬಂದ ಹಣದಲ್ಲಿ ಉಳಿದದ್ದು ನನ್ನ ಕೂಲಿಯಾಗಿ ಬರುತ್ತಿದೆ. ಶಾಖೆಯಲ್ಲಿ ಕೆಲವರಿಗೆ ಸರಿಬರಲಿಲ್ಲ. ಅವರ ಮನೆಗಳಲ್ಲೂ ಅಮೆರಿಕದ ಹಿಟ್ಟೇ ಬೇಯುತ್ತಿದೆ, ಅದಕ್ಕೆ ಯಾರೂ ಹೆಚ್ಚು ಮಾತಾಡಲಿಲ್ಲ.

ಲಿಬೆರಾಳಿಗೆ ನೇಪಲ್ಸಿನಲ್ಲಿರುವ ಅಮೆರಿಕದ ಪರವಾನಗಿ ಕಚೇರಿಯಿಂದ ಜುಲೈ ಏಳಕ್ಕೆ ಕರೆ ಬಂದಿದೆ.

ಎವಾರಿಸ್ತೊ


ಮೊಂತೆಫೊಸ್ಕೊ
ಜುಲೈ 9, 1948

ಪ್ರೀತಿಯ ಅತ್ತೆ,

ನನಗೆ ಪರವಾನಗಿ ಕೊಡಲಿಲ್ಲ. ಇಲ್ಲ ಎಂದೂ ಹೇಳಲಿಲ್ಲ. ತಡೆಹಿಡಿದಿದ್ದಾರೆ. ಅಪ್ಪ ನಿಮಗೆ ಬರೆಯಲು ಒಪ್ಪಲಿಲ್ಲ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ವೈದ್ಯರ ಪರೀಕ್ಷೆಯಲ್ಲಿ ಎಲ್ಲ ಸರಿಯಾಯಿತು. ಆಮೇಲೆ ಒಳಗೆ ಕರೆದರು. ಮೇಜಿನ ಹಿಂದೆ ತೆಳ್ಳಗಿನ ಒಬ್ಬರು, ನಮ್ಮ ಭಾಷೆ ಚೆನ್ನಾಗಿ ಆಡುತ್ತಾರೆ. ರಾಲ್ಫನ ಬಗ್ಗೆ ಕೇಳಿದರು, ಅವನು ಜರ್ಮನ್ನರ ಕಣ್ಣು ತಪ್ಪಿಸಿ ನಮ್ಮ ಮನೆಯ ಹಗೇವಿನಲ್ಲಿ ಒಂದು ಚಳಿಗಾಲವಿಡೀ ಉಳಿದದ್ದನ್ನು ಹೇಳಿದೆ. ನಕ್ಕರು. ಆಮೇಲೆ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿ ಇಟ್ಟರು. ನಾನು ರಾಲ್ಫನಿಗೆ ಕಳಿಸಿದ್ದ ಅಚ್ಚಿನ ಹಾಳೆ.

"ಇದು ನಿಮ್ಮ ರುಜುನಾ?"

"ಹೌದು."

"ಯಾರಾದ್ರೂ ಬಲವಂತ ಮಾಡಿದ್ರಾ?"

"ಇಲ್ಲ. ತಮಾಷೆಗೆ ಹಾಕ್ದೆ."

"ದುಡಿಯುವವರ ಪಕ್ಷಕ್ಕೆ ಮತ ಹಾಕ್ತೀನಿ ಅಂತ ತಮಾಷೆಗೆ ಬರೆದ್ರಾ?"

ನಾನು ಬರೆದದ್ದಲ್ಲ, ಅಚ್ಚಾಗಿತ್ತು ಎಂದೆ. ಅವರು ಬಹಳ ಮರ್ಯಾದೆಯಿಂದಲೇ ಹೇಳಿದರು: "ಅಮ್ಮಾ, ಕೆಳಗೆ ಹೆಸರು ಹಾಕಿದ್ಮೇಲೆ ಅದು ನಿಮ್ಮದೇ." ಪಾದ್ರಿಯ ನಡತೆಪತ್ರ ಮತ್ತು ಈ ರುಜುವಿಗೆ ಒಂದು ಸಮಾಧಾನ, ಎರಡನ್ನೂ ತಂದರೆ ಮತ್ತೆ ನೋಡುವುದಾಗಿ ಹೇಳಿದ್ದಾರೆ. ದೊನ್ ಆಮೆದೆಯೊ ನಡತೆಪತ್ರ ಕೊಟ್ಟಿದ್ದಾರೆ. ರುಜುವಿಗೆ ಏನು ಸಮಾಧಾನ ಕೊಡಬೇಕೋ ನನಗೆ ತಿಳಿಯುತ್ತಿಲ್ಲ.

ಹಾಳೆ ಅಲ್ಲಿಗೆ ಹೇಗೆ ಹೋಯಿತೆಂದು ರಾಲ್ಫನನ್ನು ಕೇಳಬೇಡಿ. ಅವನಿಗೆ ಹೇಳಲೂಬೇಡಿ. ನನ್ನ ಕಾಗದಗಳನ್ನು ಇನ್ನು ಮೇಲೆ ನೀವೇ ಓದಿ ಹೇಳಿದರೆ ಸಾಕು.

ನಿಮ್ಮ
ಲಿಬೆರಾ


ಪ್ರಾವಿಡೆನ್ಸ್
ಜುಲೈ 26, 1948

ತಮ್ಮಾ,

ನಿನ್ನೆ ಫಾದರ್ ಬೆಲ್ಲುಚ್ಚಿಯೊಡನೆ ಮಾತಾಡಿದೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ, ನನ್ನದೇನೂ ಸೇರಿಸುವುದಿಲ್ಲ.

ಊಟಕ್ಕೆ ಕೂತಿದ್ದರು. ನಾನು ಬಡಿಸದೆ ನಿಂತೆ.

"ಫಾದರ್, ಆ ಹುಡುಗಿ ಹಾಳೆ ಎಲ್ಲಿ?"

"ಬಿಷಪ್ಪರ ಕಚೇರಿಗೆ ಹೋಯ್ತು ಚೆಲೆಸ್ತಿನಾ. ಅಲ್ಲಿಂದ ವಾಷಿಂಗ್ಟನ್ನಿಗೆ. ಎಲ್ಲ ಒಟ್ಟಿಗೆ ಹೋದ್ವು. ಇವಳದು ಅಂತ ನಾನೇನೂ ಎತ್ತಿ ಕೊಡಲಿಲ್ಲ."

"ಹೋದದ್ದು ಹೋಯ್ತು. ಅದರ ಹಿಂದೆ ಇನ್ನೊಂದು ಕಾಗದ ಬರೀರಿ. ಯಾರೋ ಅಚ್ಚು ಹಾಕಿಸಿದ್ದು, ಹುಡುಗಿ ಹೆಸರು ಹಾಕಿದ್ಲು, ಅದು ಅವಳ ಮಾತಲ್ಲ ಅಂತ."

ಫಾದರ್ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಅದನ್ನ ಹೇಗೆ ಬರೀಲಿ?"

"ಪೆನ್ನಲ್ಲಿ."

"ಅವಳ ರುಜು ಅವಳ ಮಾತಲ್ಲ ಅಂದ್ರೆ ನಿನ್ನ ರುಜು ನಿನ್ನ ಮಾತು ಹೇಗಾಗುತ್ತೆ? ನಮ್ಮ ಜನ ಎರಡು ಸಾವಿರ ಕಾಗದ ಮನಸಾರೆ ಬರೆದ್ರು ಅಂತ ಬಿಷಪ್ಪರು ವರದಿ ಕಳಿಸಿದಾರೆ. ಆ ವರದಿ ನೋಡೇ ಬರೋ ವರ್ಷದ ಹಣ. ಮುಂದೆ ಇದೇ ಕೆಲಸಕ್ಕೆ ಫ್ರಾನ್ಸಿದೆ, ಇನ್ನೆಷ್ಟೋ ದೇಶ ಇದೆ. ಅಲ್ಲೂ ಜನ ಇದಾರೆ, ಅವರಿಗೂ ಚರ್ಚುಗಳಿವೆ. ಒಂದು ಹುಡುಗಿಗೋಸ್ಕರ ನಾನೇ ಅದನ್ನ ಸುಳ್ಳು ಅನ್ಲಾ?"

"ನಾನು ಮನಸಾರೆ ಬರೀಲಿಲ್ಲ ಫಾದರ್. ನೀವು ಕೊಟ್ರಿ, ಹಾಕ್ದೆ."

"ಅದನ್ನ ನನ್ನ ಹತ್ರ ಹೇಳಿದೀಯ. ಬೇರೆಯವರ ಹತ್ರ ಹೇಳ್ಬೇಡ."

ಕೆಟ್ಟವರಲ್ಲ ಎವಾರಿಸ್ತೊ. ಕೊನೆಗೆ ಅವರೇ ದಾರಿ ಹೇಳಿದರು. ಸ್ವಂತ ಇಷ್ಟದಿಂದ ಹಾಕಿದ ರುಜುವನ್ನು ತೆಗೆಯಲು ಬರುವುದಿಲ್ಲ. ಬಲವಂತದಿಂದ ಹಾಕಿಸಿದ್ದಾದರೆ ಅದು ಬೇರೆ. ಹಾಕಿಸಿದವರೇ ಹಾಗೆಂದು ಬರೆದುಕೊಟ್ಟರೆ ಕಚೇರಿಯವರು ಒಪ್ಪುತ್ತಾರೆ.

ಇಷ್ಟೇ ಅವರು ಹೇಳಿದ್ದು. ನಾನು ನಿನಗೆ ಹೀಗೆ ಮಾಡು ಎಂದು ಹೇಳುವುದಿಲ್ಲ. ರಾಲ್ಫ್ ನಮ್ಮ ಮನೆಯ ಮೇಲಿನ ಮಹಡಿಯ ಎರಡು ಕೋಣೆಗೆ ಸುಣ್ಣ ಹೊಡೆದಿದ್ದಾನೆ.

ಚೆಲೆಸ್ತಿನಾ


ಮೊಂತೆಫೊಸ್ಕೊ
ಸೆಪ್ಟೆಂಬರ್ 12, 1948

ಅಕ್ಕಾ,

ಉತ್ತರ ತಡವಾಯಿತು. ಕಮಾನು ಮುಗಿಸುವುದಿತ್ತು.

ರುಜು ಹಾಕಿದ್ದೇನೆ. ದೊನ್ ಆಮೆದೆಯೊ ಮಾತುಗಳನ್ನು ಮೊದಲೇ ಟೈಪು ಮಾಡಿಸಿಟ್ಟಿದ್ದ. ಎಲ್ಲಿಂದ ಬಂದದ್ದೋ, ಅವನ ಭಾಷೆಯಲ್ಲ.

"ಓದಿ ನೋಡು" ಎಂದ.

"ಮಾರ್ಚಲ್ಲಿ ಯಾರಿಗೂ ಓದೋಕೆ ಹೇಳಿರ್ಲಿಲ್ವಲ್ಲ ನಿಮ್ಮೋರು."

"ಓದು ಮಾರಾಯ. ಆಮೇಲೆ ನನ್ನನ್ನ ಬೈಬೇಡ."

ಓದಿದೆ. ಶಾಖೆಯ ಕಾರ್ಯದರ್ಶಿಯಾದ ನಾನು ಪಕ್ಷದ ಆಜ್ಞೆಯಂತೆ ಮಗಳ ಕೈಹಿಡಿದು ಅವಳ ಇಚ್ಛೆಗೆ ವಿರುದ್ಧವಾಗಿ ರುಜು ಹಾಕಿಸಿದೆ ಎಂದಿತ್ತು. 'ಪಕ್ಷದ ಆಜ್ಞೆಯಂತೆ' ಎಂಬುದನ್ನು ಹೊಡೆದುಹಾಕಲು ಕೇಳಿದೆ. ಉಳಿದದ್ದು ನನ್ನ ಮೇಲಿರಲಿ, ಅಪ್ಪ ಮಗಳ ವಿಷಯ ಎಂದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಅದೊಂದೇ ಅವರಿಗೆ ಬೇಕಾಗಿರೋದು ಎವಾರಿಸ್ತೊ. ಉಳಿದದ್ದು ಅವರಿಗೆ ಯಾತಕ್ಕೂ ಬೇಡ."

ಲಿಬೆರಾಳಿಗೆ ಆಮೇಲೆ ಹೇಳಿದೆ. ಮೊದಲು ಹೇಳಿದ್ದರೆ ಬಿಡುತ್ತಿರಲಿಲ್ಲ. ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಈಗ ಆಡುತ್ತಾಳೆ, ಉಪ್ಪು ಸಾಕೆ ಬೇಕೆ ಎಂದು.

ಎವಾರಿಸ್ತೊ


ಪ್ರಾವಿಡೆನ್ಸ್
ಅಕ್ಟೋಬರ್ 18, 1948

ತಮ್ಮಾ,

ಪರವಾನಗಿ ಮಂಜೂರಾಗಿದೆ. ಶನಿವಾರ ರಾಲ್ಫನಿಗೆ ಕಾಗದ ಬಂತು, ನಾನೇ ಓದಿ ಹೇಳಿದೆ. ಅವನು ಅಡುಗೆಮನೆಯಲ್ಲಿ ನನ್ನನ್ನು ಎತ್ತಿ ತಿರುಗಿಸಿದ. ಈ ವಯಸ್ಸಿಗೆ. ಹಡಗಿನ ಚೀಟಿಗೆ ಅವನೇ ಹಣ ಕಟ್ಟಿದ್ದಾನೆ. ನವೆಂಬರ್ 19, ಶುಕ್ರವಾರ ಬೆಳಿಗ್ಗೆ, ನೇಪಲ್ಸಿನಿಂದ.

ಇನ್ನೊಂದು ವಿಷಯ ಬೇರೆ ಯಾರಿಂದಲೋ ಕೇಳುವ ಬದಲು ನನ್ನಿಂದಲೇ ಕೇಳು. ನೀನು ರುಜು ಹಾಕಿದ್ದು ಚರ್ಚಿನ ವಾರಪತ್ರಿಕೆಯಲ್ಲಿ ಬಂದಿದೆ. ಮುಖಪುಟದಲ್ಲೇ. ನಿನ್ನ ಹೆಸರು, ಊರಿನ ಹೆಸರು, ಪದವಿ, ಎಲ್ಲ ಇದೆ. ಲಿಬೆರಾಳ ಹೆಸರು ಮಾತ್ರ ಹಾಕಿಲ್ಲ, 'ಅವನ ಮಗಳು' ಎಂದಿದೆ. ಫ್ರೆಂಚಿಗೂ ಮಾಡಿಸಿ ಕರಪತ್ರ ತೆಗೆಯುತ್ತಾರಂತೆ. ಪೂಜೆಯ ನಂತರ ಹೆಂಗಸರು ಬಂದು ನನ್ನ ಕೈ ಹಿಡಿದುಕೊಂಡರು. "ನಿನ್ನ ತಮ್ಮ ದಾರಿಗೆ ಬಂದನಲ್ಲ, ನಿನ್ನ ಪ್ರಾರ್ಥನೆ ಫಲಿಸ್ತು" ಎಂದರು. ಎರ್ಸಿಲಿಯಾ ಮಾತ್ರ ಮನೆಯವರೆಗೂ ನನ್ನ ಜೊತೆ ನಡೆದು ಬಂದಳು.

ಪಾದ್ರಿಮನೆಯ ಅಡುಗೆಗೆ ಹೋಗುವುದನ್ನು ಬಿಟ್ಟಿದ್ದೇನೆ. ಮೊಣಕಾಲು ನೋವು ಎಂದು ಹೇಳಿದ್ದೇನೆ.

ಅವಳಿಗೆ ದಪ್ಪ ಕೋಟು ಕೊಡಿಸಬೇಡ, ಇಲ್ಲಿ ತೆಗೆದಿಟ್ಟಿದ್ದೇನೆ. ನಿನಗೇನಾದರೂ ಬೇಕಿದ್ದರೆ ಬರಿ.

ಚೆಲೆಸ್ತಿನಾ


ಮೊಂತೆಫೊಸ್ಕೊ
ನವೆಂಬರ್ 14, 1948

ಅಕ್ಕಾ,

ಪತ್ರಿಕೆ ಇಲ್ಲಿಗೂ ಬಂದಿದೆ. ದೊನ್ ಆಮೆದೆಯೊಗೆ ಐವತ್ತು ಪ್ರತಿ ಕಳಿಸಿದ್ದರು. ಅವನು ಹಂಚದೆ ಬೀರುವಿನಲ್ಲಿ ಇಟ್ಟಿದ್ದ, ಅವನ ಸಹಾಯಕ ಪಾದ್ರಿ ತೆಗೆದು ಸಭಾಭವನದ ಬಾಗಿಲಿಗೆ ಅಂಟಿಸಿದ. ಭಾನುವಾರ ಬೆಳಿಗ್ಗೆ ಎಲ್ಲರೂ ಓದಿದರು.

ಸಂಜೆ ಗಾಸ್ಪರೆ ಬಂದ. ಶಾಖೆಯಲ್ಲಿ ನನ್ನ ನಂತರದವನು, ಜರ್ಮನ್ನರು ಇದ್ದಾಗ ನನ್ನ ಜೊತೆ ಬೆಟ್ಟದಲ್ಲಿದ್ದವನು. ಲಿಬೆರಾ ಒಳಗೆ ಪೆಟ್ಟಿಗೆ ಕಟ್ಟುತ್ತಿದ್ದಳು. ದ್ರಾಕ್ಷಾರಸ ಇಟ್ಟೆ, ಮುಟ್ಟಲಿಲ್ಲ.

"ಪಕ್ಷ ಆಜ್ಞೆ ಮಾಡಿತ್ತಾ ಎವಾರಿಸ್ತೊ?"

"ಇಲ್ಲ."

"ಹುಡುಗಿ ಕೈ ಹಿಡಿದಿದ್ಯಾ?"

"ನೀನೂ ಅಲ್ಲೇ ಕೂತಿದ್ಯಲ್ಲ. ನೀನೇ ಅವಳಿಗೆ ಲಕೋಟೆ ಕೊಟ್ಟೆ."

"ಹಾಗಾದ್ರೆ ಸುಳ್ಳು ಅಂತ ಬರ್ಕೊಡು. ಮುಗೀತು."

"ಬರ್ಕೊಟ್ರೆ ಅವಳನ್ನ ಹಡಗು ಹತ್ತಿಸಲ್ಲ."

"ಹತ್ತಿದ್ಮೇಲೆ ಕೊಡು."

"ಆಮೇಲೆ ಕೊಟ್ರೆ ಅಲ್ಲಿಂದ ವಾಪಸ್ ಅಟ್ತಾರೆ. ನಾನು ಇದನ್ನ ಯಾವತ್ತೂ ಬರ್ಕೊಡೋ ಹಾಗಿಲ್ಲ ಗಾಸ್ಪರೆ."

ಅವನು ಒಳಕೋಣೆಯ ಕಡೆ ನೋಡಿದ. ನನಗೂ ಮೂರು ಹೆಣ್ಣುಮಕ್ಕಳಿದಾರೆ ಎಂದ. ಮತ್ತೆ ಎದ್ದು, ಸಭೆ ಕರೆಯದೆ ಬೇರೆ ದಾರಿಯಿಲ್ಲ, ಪ್ರಾಂತ್ಯದ ಕಚೇರಿಯಿಂದ ಒಬ್ಬರು ಬರುತ್ತಿದ್ದಾರೆ, ನೀನು ಎದುರಿಗೆ ಬಂದು ನಿನ್ನ ಮಾತು ಹೇಳಿದರೆ ಎಚ್ಚರಿಕೆ ಕೊಟ್ಟು ಬಿಡಬಹುದು, ಬರದಿದ್ದರೆ ಪಕ್ಷದ ಪಟ್ಟಿಯಿಂದ ಹೆಸರು ಹೊಡೆಯುವುದೊಂದೇ, ಎಂದ. ದಿನ ಬದಲಿಸಲು ಕೇಳಿದೆ. ಬರುವವರಿಗೆ ಬೇರೆ ದಿನ ಬಿಡುವಿಲ್ಲವಂತೆ.

ನೀನು ಬೇಕಾದದ್ದು ಬರಿ ಎಂದಿದ್ದೆ. ಲಿಬೆರಾ ತಲುಪಿದ ಮೇಲೆ ನೀನೇ ಬರಿ, ನಿನ್ನ ಕೈಯಲ್ಲಿ. ಅವಳು ಏನು ತಿಂದಳು, ಯಾವ ಕೋಣೆ ಕೊಟ್ಟೆ, ಅಂಥದ್ದು.

ಸಭೆ ಗುರುವಾರ ಸಂಜೆ ಏಳಕ್ಕೆ. ನೇಪಲ್ಸಿನ ಬಸ್ಸು ಅದೇ ದಿನ ಮಧ್ಯಾಹ್ನ ಎರಡಕ್ಕೆ ಚೌಕದಿಂದ ಹೊರಡುತ್ತದೆ. ಎರಡು ಚೀಟಿ ತೆಗೆದಿದ್ದೇನೆ.

ನಿನ್ನ ತಮ್ಮ
ಎವಾರಿಸ್ತೊ